ಕುದುರೆಯಿಲ್ಲದ ಕಾಲಾಘೋಡಾ

ಮುಂಬಯಿಯ ಕೋಟೆ ಪ್ರದೇಶದಲ್ಲಿ, ಅಂದರೆ ನಾವೆಲ್ಲ ಫೋರ್ಟ್ ಎಂದು ಕರೆಯುವ ಭಾಗದಲ್ಲಿ, ಐವತ್ತೆರಡು ವರ್ಷಗಳ ಕಾಲ ಕುದುರೆಯೇ ಇಲ್ಲದೆ ಕುದುರೆಯ ಹೆಸರಿನಿಂದ ಬಾಳಿದ ಒಂದು ಪೇಟೆಯಿದೆ. ಅದೇ ಕಾಲಾಘೋಡಾ, ಕರಿಗುದುರೆ. ವೇಲ್ಸಿನ ರಾಜಕುಮಾರ, ಮುಂದೆ ಏಳನೆಯ ಎಡ್ವರ್ಡ್ ದೊರೆಯಾದವನು, 1875-76ರಲ್ಲಿ ಭಾರತಕ್ಕೆ ಬಂದು ಹೋದ ನೆನಪಿಗಾಗಿ ಆಲ್ಬರ್ಟ್ ಸಸೂನ್ ಎಂಬ ಯೆಹೂದಿ ವರ್ತಕರು ಅವನ ಅಶ್ವಾರೂಢ ವಿಗ್ರಹವೊಂದನ್ನು ಮಾಡಿಸಿ 1879ರಲ್ಲಿ ನಗರಕ್ಕೆ ಕಾಣಿಕೆಯಾಗಿ ಕೊಟ್ಟರು. ವಿಗ್ರಹದ ಉದ್ದೇಶ ರಾಜಕುಮಾರನನ್ನು ಸ್ಮರಿಸುವುದು. ಆದರೆ ಮುಂಬಯಿಯ ಜನ ಸವಾರನ ಗೊಡವೆಗೆ ಹೋಗದೆ ಅವನನ್ನು ಹೊತ್ತ ಕರಿಗುದುರೆಯ ಹೆಸರನ್ನೇ ಆ ಜಾಗಕ್ಕೆ ಇಟ್ಟುಬಿಟ್ಟರು. 1965ರಲ್ಲಿ ವಿಗ್ರಹವನ್ನು ಅಲ್ಲಿಂದ ಎತ್ತಿ ಬೈಕುಲ್ಲಾದ ಉದ್ಯಾನಕ್ಕೆ ಸಾಗಿಸಲಾಯಿತು. ಖಾಲಿಯಾದ ಜಾಗದಲ್ಲಿ ಮೋಟಾರು ಗಾಡಿಗಳು ನಿಲ್ಲತೊಡಗಿದವು. ಆದರೂ ಟ್ಯಾಕ್ಸಿಯವರಾಗಲಿ, ಅಂಚೆಯವರಾಗಲಿ, ಡಬ್ಬಾವಾಲಾಗಳಾಗಲಿ ಹೆಸರನ್ನು ಮಾತ್ರ ಬಿಡಲಿಲ್ಲ. 2017ರಲ್ಲಿ ಅಲ್ಲಿಗೆ ಹೊಸ ಕುದುರೆಯೊಂದು ಬಂದಿತು. ಅದರ ಮೇಲೆ ಸವಾರನಿಲ್ಲ. ಜನರ ಬಾಯಿಯ ತೀರ್ಪನ್ನು ಶಿಲ್ಪಿಗಳು ಒಪ್ಪಿಕೊಂಡಂತಾಯಿತು.

ಕಳೆದ ಕಾಲು ಶತಮಾನದಲ್ಲಿ ಈ ಪೇಟೆ ಹೊಸ ಜೀವ ಪಡೆದು ನಿಂತಿದೆ. ಫೆಬ್ರುವರಿಯಲ್ಲಿ ಇಲ್ಲಿ ನಡೆಯುವ ಕಲೋತ್ಸವಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗದ ಕನ್ನಡ ಕುಟುಂಬ ಮುಂಬಯಿಯಲ್ಲಿ ವಿರಳ. ಹೊಸ ಬಗೆಯ ಕಾಫಿ ಕೋಣೆಗಳು, ಬರ್ಮಾ ದೇಶದ ಊಟ, ಕೈಮಗ್ಗದ ಬಟ್ಟೆಯಂಗಡಿಗಳು, ಚಿತ್ರಶಾಲೆಗಳು, ಮಬ್ಬು ಬೆಳಕಿನ ಪಾನಗೃಹಗಳು ಎಲ್ಲವೂ ಇಲ್ಲಿವೆ. ಈ ಗಲ್ಲಿಗಳ ಕಥೆಯನ್ನು ಸ್ವಲ್ಪ ಹಿಂದಿನಿಂದ ನೋಡಿದರೆ, ನಮಗೆ ಸಂಬಂಧಿಸಿದ ಒಂದು ಅಧ್ಯಾಯ ಅದರಲ್ಲಿದೆ ಎಂಬುದೂ, ಆ ಅಧ್ಯಾಯವನ್ನು ಯಾರೂ ಸರಿಯಾಗಿ ಬರೆದಿಟ್ಟಿಲ್ಲ ಎಂಬುದೂ ಗೊತ್ತಾಗುತ್ತದೆ. ಅದಕ್ಕಾಗಿಯೇ ಈ ಲೇಖನ.

ಗೋಡೆ ಬಿದ್ದ ಮೇಲೆ

1668ರಲ್ಲಿ ಮುಂಬಯಿಯ ದ್ವೀಪಗಳು ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಬಂದ ಬಳಿಕ, ಮುಂದಿನ ಶತಮಾನದಲ್ಲಿ ಊರಿನ ಸುತ್ತ ಗೋಡೆ ಎದ್ದಿತು. ಅದಕ್ಕೆ ಅಪೊಲೊ ಗೇಟ್, ಚರ್ಚ್ ಗೇಟ್, ಬಜಾರ್ ಗೇಟ್ ಎಂಬ ಮೂರು ಬಾಗಿಲುಗಳು. ಗೋಡೆಯ ಆಚೆಗೆ, ಶತ್ರು ಮರೆಯಲ್ಲಿ ನಿಲ್ಲದಂತೆ ಬಯಲಾಗಿ ಇಟ್ಟ ವಿಶಾಲ ಮೈದಾನ. ಅದಕ್ಕೆ ಎಸ್ಪ್ಲನೇಡ್ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದ ನಡುವಿಗೆ ಶತ್ರುವಿನ ಭಯ ಮುಗಿದಿತ್ತು, ಗೋಡೆಯೊಳಗೆ ಉಸಿರಾಡಲೂ ಜಾಗವಿಲ್ಲದಷ್ಟು ಜನ ತುಂಬಿದ್ದರು. 1862ರಲ್ಲಿ ಗವರ್ನರಾಗಿ ಬಂದ ಸರ್ ಬಾರ್ಟ್ಲ್ ಫ್ರೆರ್ ಗೋಡೆಯನ್ನು ಕೆಡವಿಸಲು ಹೊರಟರು. ಅದೇ ಹೊತ್ತಿಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಲುಪದೆ, ಮುಂಬಯಿಯ ಹತ್ತಿಗೆ ಚಿನ್ನದ ಬೆಲೆ ಬಂದಿತ್ತು. ಗೋಡೆ ಬಿದ್ದ ಜಾಗ, ಮುಂದೆ ಚಾಚಿದ ಬಯಲು, ಕೈಯಲ್ಲಿ ಹತ್ತಿಯ ಹಣ - ಈ ಮೂರೂ ಕೂಡಿದ್ದರಿಂದ ಇಂದು ನಾವು ಬೆರಗಾಗಿ ನೋಡುವ ಕಟ್ಟಡಗಳ ಸಾಲು ಎದ್ದಿತು.

ಈ ಪ್ರದೇಶದಲ್ಲಿ ವಸ್ತುಗಳಿಗಿಂತ ಹೆಸರುಗಳಿಗೆ ಆಯುಷ್ಯ ಹೆಚ್ಚು. ಚರ್ಚ್‌ಗೇಟ್ ನಿಲ್ದಾಣದಲ್ಲಿ ಇಳಿಯುವ ಲಕ್ಷಾಂತರ ಜನರಲ್ಲಿ ಆ ಗೇಟನ್ನು ನೋಡಿದವರು ಒಬ್ಬರೂ ಇಲ್ಲ. ಕಾಲಾಘೋಡಾದ ಒಂದು ಬೀದಿಗೆ ಹಳೆಯ ಹೆಸರು ರಾಂಪಾರ್ಟ್ ರೋ, ಅಂದರೆ ಕೋಟೆಗೋಡೆಯ ಸಾಲು. ಇನ್ನೊಂದು ಓಣಿ ರೋಪ್‌ವಾಕ್ ಲೇನ್. ಹಡಗಿನ ಹಗ್ಗ ಹೊಸೆಯುವವರು ನಾರನ್ನು ಹಿಡಿದು ಹಿಂದಕ್ಕೆ ನಡೆಯುತ್ತಾ ಹೊಸೆಯುತ್ತಿದ್ದರು. ಹಗ್ಗದ ಉದ್ದಕ್ಕೆ ತಕ್ಕಷ್ಟು ಉದ್ದದ ನೇರ ಜಾಗ ಬೇಕಾಗುತ್ತಿತ್ತು. ಆ ಕಸುಬಿನವರು ಹೋದರು, ಓಣಿಗೆ ಸಾಯಿಬಾಬಾ ಮಾರ್ಗವೆಂಬ ಹೊಸ ಹೆಸರು ಬಂದಿತು, ಆದರೂ ಹಗ್ಗದ ನೆನಪು ಹಳೆಯ ಹೆಸರಿನಲ್ಲಿ ಅಂಟಿಕೊಂಡಿದೆ.

ಕಬ್ಬಿಣದ ಹೋಟೆಲು, ಕಾರ್ಮಿಕರ ಗ್ರಂಥಾಲಯ

ಇಲ್ಲಿಯ ಕಟ್ಟಡಗಳಲ್ಲಿ ಎರಡನ್ನು ವಿಶೇಷವಾಗಿ ನೋಡಬೇಕು. ಮೊದಲನೆಯದು ವಾಟ್ಸನ್ ಹೋಟೆಲು. ಜಾನ್ ವಾಟ್ಸನ್ ಎಂಬ ಬಟ್ಟೆ ವ್ಯಾಪಾರಿಯ ಹೆಸರಿನ ಈ ಹೋಟೆಲು 1871ರಲ್ಲಿ ಬಾಗಿಲು ತೆರೆಯಿತು. ಇದರ ಕಂಬ ತೊಲೆಗಳೆಲ್ಲ ಎರಕದ ಕಬ್ಬಿಣ. ಇಂಗ್ಲೆಂಡಿನಲ್ಲಿ ಎರಕ ಹೊಯ್ದು, ಹಡಗಿನಲ್ಲಿ ತಂದು, ಇಲ್ಲಿ ಜೋಡಿಸಿದ್ದು. ವಿನ್ಯಾಸ ಮಾಡಿದ ಆರ್ಡಿಶ್ ಎಂಬ ಎಂಜಿನಿಯರು ಲಂಡನ್ನಿನ ಸೇಂಟ್ ಪಾಂಕ್ರಾಸ್ ರೈಲು ನಿಲ್ದಾಣದ ದೊಡ್ಡ ಚಾವಣಿಯ ಕೆಲಸದಲ್ಲಿ ಭಾಗಿಯಾಗಿದ್ದವರು. ಭಾರವನ್ನು ಗೋಡೆ ಹೊರುವುದಿಲ್ಲ, ಕಬ್ಬಿಣದ ಚೌಕಟ್ಟು ಹೊರುತ್ತದೆ. ಇಂದಿನ ಗಗನಚುಂಬಿ ಕಟ್ಟಡಗಳ ತತ್ತ್ವವೂ ಇದೇ. 1896ರ ಜುಲೈ 7ರಂದು ಲುಮಿಯೇರ್ ಸಹೋದರರ ಚಲನಚಿತ್ರಗಳನ್ನು ಭಾರತದಲ್ಲಿ ಮೊತ್ತಮೊದಲು ತೋರಿಸಿದ್ದು ಇಲ್ಲಿಯೇ. ಪ್ರವೇಶ ದರ ಒಂದು ರೂಪಾಯಿ. ರಾಜಕುಮಾರ್‌ ಚಿತ್ರಕ್ಕೆ ಸಾಲು ನಿಂತ ನಮ್ಮ ಹಿರಿಯರ ಆ ಹುಚ್ಚಿನ ಬೀಜವೂ ಈ ಕಬ್ಬಿಣದ ಮನೆಯಲ್ಲೇ ಬಿದ್ದದ್ದು ಎನ್ನಬೇಕು.

ಎರಡನೆಯದು ಡೇವಿಡ್ ಸಸೂನ್ ಗ್ರಂಥಾಲಯ. ಹಳದಿ ಕಲ್ಲಿನ ಈ ಚೆಲುವಾದ ಕಟ್ಟಡ 1870ರಲ್ಲಿ ಮುಗಿಯಿತು. ಹೆಸರು ಸಸೂನರದಾದರೂ ಸಂಸ್ಥೆಯ ಬೇರು ಬೇರೆ ಕಡೆಗಿದೆ. 1847ರಲ್ಲಿ ಸರಕಾರಿ ಟಂಕಸಾಲೆ ಮತ್ತು ಹಡಗುಕಟ್ಟೆಯ ಕೆಲವು ತರುಣ ಕುಶಲಕರ್ಮಿಗಳು, ಕೆಲಸ ಮುಗಿದ ಮೇಲೆ ಓದುವುದಕ್ಕೆ ಮತ್ತು ಉಪನ್ಯಾಸ ಕೇಳುವುದಕ್ಕೆ ಒಂದು ಜಾಗ ಬೇಕೆಂದು ತಮ್ಮದೇ ಸಂಘ ಕಟ್ಟಿಕೊಂಡರು. ಅವರಿಗೆ ಮುಂದೆ ಸಸೂನ್ ಮನೆತನದ ದಾನ ಒದಗಿ ಬಂದಿತು. ಇಂದು ಒಳಗೆ ಹೋದವರಿಗೆ ದಾನಿಯ ಅಮೃತಶಿಲೆಯ ವಿಗ್ರಹ ಕಾಣುತ್ತದೆ. ಬೆಂಕಿಯ ಮುಂದೆ ದುಡಿದು ಸಂಜೆ ಪುಸ್ತಕ ಹಿಡಿದ ಆ ಹುಡುಗರ ವಿಗ್ರಹವಿಲ್ಲ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ನಮ್ಮ ಹುಡುಗರ ಮಾತು ಬಂದಾಗ ಇದರ ಅಗತ್ಯ ಬೀಳುತ್ತದೆ.

ಇವುಗಳ ಆಜೂಬಾಜೂ 1884ರ ಯೆಹೂದಿ ಪ್ರಾರ್ಥನಾ ಮಂದಿರ, 1888ರ ಎಲ್ಫಿನ್‌ಸ್ಟನ್ ಕಾಲೇಜು, 1922ರಲ್ಲಿ ಸಾರ್ವಜನಿಕರಿಗೆ ತೆರೆದ ವಸ್ತುಸಂಗ್ರಹಾಲಯ, 1952ರ ಜಹಾಂಗೀರ್ ಕಲಾಶಾಲೆ. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ಬಾಳಿ, ದೇಶದ ಹಿರಿಯ ಚಿತ್ರಕಾರರಲ್ಲಿ ಒಬ್ಬರಾದ ಕೆ. ಕೆ. ಹೆಬ್ಬಾರರನ್ನು ನೆನೆಯದೆ ನಮ್ಮವರು ಈ ಕಲಾಕೇರಿಯಲ್ಲಿ ಮುಂದೆ ನಡೆಯುವಂತಿಲ್ಲ.

ಬಾಡಿಗೆಯ ಕಾಯಿದೆ ಮತ್ತು ರೈಸ್ ಪ್ಲೇಟು

ಸ್ವಾತಂತ್ರ್ಯದ ನಂತರ ಈ ಕಟ್ಟಡಗಳಿಗೆ ಇಳಿಗಾಲ ಬಂದಿತು. ಅದಕ್ಕೆ ಮುಖ್ಯ ಕಾರಣಗಳಲ್ಲೊಂದು 1947ರ ಬಾಡಿಗೆ ನಿಯಂತ್ರಣ ಕಾಯಿದೆ. ಯುದ್ಧಾನಂತರದ ಬೆಲೆಯೇರಿಕೆಯಲ್ಲಿ ಬಾಡಿಗೆದಾರರನ್ನು ರಕ್ಷಿಸಲು ಬಂದ ಕಾನೂನು, ಬಾಡಿಗೆಯನ್ನು ಹಳೆಯ ದರಕ್ಕೇ ಕಟ್ಟಿಹಾಕಿತು. ಮಾಲಿಕನಿಗೆ ಬರುವ ಬಾಡಿಗೆಯಿಂದ ಸುಣ್ಣ ಬಳಿಸುವುದಕ್ಕೂ ಆಗದು. ಬಾಡಿಗೆದಾರನಿಗೆ ಬಿಟ್ಟು ಹೋಗುವ ಮನಸ್ಸು ಬಾರದು. ಹೀಗೆ ಕಟ್ಟಡಗಳು ಸೋರತೊಡಗಿದವು. ವಾಟ್ಸನ್ ಹೋಟೆಲು ಎಸ್ಪ್ಲನೇಡ್ ಮ್ಯಾನ್ಶನ್ ಎಂಬ ಹೆಸರಿನಲ್ಲಿ ಸಣ್ಣ ಸಣ್ಣ ಕೋಣೆಗಳಾಗಿ ಒಡೆದು ವಕೀಲರ ಕಚೇರಿಗಳಾಯಿತು. 2005ರಲ್ಲಿ ಅದರ ಒಂದು ಭಾಗ ಕುಸಿಯಿತು. 2019ರಲ್ಲಿ ಇಡೀ ಕಟ್ಟಡವನ್ನು ತೆರವು ಮಾಡಿಸಲಾಯಿತು.

ಆದರೆ ನಾಣ್ಯಕ್ಕೆ ಎರಡು ಮುಖ. ಕಟ್ಟಡವನ್ನು ಶಿಥಿಲಗೊಳಿಸಿದ ಅದೇ ಅಗ್ಗದ ಬಾಡಿಗೆ, ನಗರದ ಅತಿ ದುಬಾರಿ ಜಾಗದಲ್ಲಿ ಅಗ್ಗದ ಊಟವನ್ನೂ ಸಾಧ್ಯಗೊಳಿಸಿತು. ಕೋಟೆ ಪ್ರದೇಶವೆಂದರೆ ಬ್ಯಾಂಕು, ವಿಮಾ ಕಂಪನಿ, ಹಡಗು ಕಂಪನಿ, ಕೋರ್ಟು, ಸರಕಾರಿ ಕಚೇರಿ. ಮಧ್ಯಾಹ್ನ ಒಂದು ಗಂಟೆಗೆ ಸಾವಿರಾರು ಗುಮಾಸ್ತರು ಒಮ್ಮೆಗೇ ಹಸಿಯುತ್ತಾರೆ; ಎರಡು ಗಂಟೆಯೊಳಗೆ ಎಲ್ಲರೂ ಮೇಜಿಗೆ ಮರಳಬೇಕು. ಈ ಒಂದು ಗಂಟೆಯ ಹಸಿವನ್ನು ಲೆಕ್ಕಹಾಕಿ ವ್ಯವಹಾರ ಕಟ್ಟಿದವರಲ್ಲಿ ಇರಾನಿಯವರಿದ್ದರು, ಗುಜರಾತಿಗಳಿದ್ದರು. ದೊಡ್ಡ ಪಾಲು ದಕ್ಷಿಣ ಕನ್ನಡ ಜಿಲ್ಲೆಯವರದು. ಸಸ್ಯಾಹಾರಕ್ಕೆ ಉಡುಪಿ ಹೋಟೆಲು, ಮೀನೂಟಕ್ಕೆ ಲಂಚ್ ಹೋಂ, ಕಚೇರಿಯೊಳಗೆ ಕ್ಯಾಂಟೀನಿನ ಗುತ್ತಿಗೆ. 'ರೈಸ್ ಪ್ಲೇಟ್' ಎಂಬ ಮಾತನ್ನು ಮುಂಬಯಿಯ ಮರಾಠಿಗನೂ ಗುಜರಾತಿಯೂ ಒಂದೇ ಅರ್ಥದಲ್ಲಿ ಆಡುವಂತೆ ಮಾಡಿದ್ದರಲ್ಲಿ ಈ ಉಡುಪಿ ಮಂದಿಯ ಪಾತ್ರ ಸಣ್ಣದಲ್ಲ. ತಿಂಗಳಿನ ಊಟದ ಕೂಪನು ಪುಸ್ತಕ, ಗಲ್ಲಾದ ಹಿಂದೆ ದೇವರ ಪಟ, ಬಟ್ಟಲಿಗೆ ಎರಡನೆಯ ಸಲ ಸಾರು ಕೇಳಿದರೆ ಮುಖ ಗಂಟಿಕ್ಕದ ಮಾಣಿ - ಇದು ನಮ್ಮ ತಂದೆಯವರ ತಲೆಮಾರಿನ ಫೋರ್ಟ್.

ಪಾನಗೃಹದ ಕಥೆಯೂ ಇದಕ್ಕೆ ಹೊಂದಿಕೊಂಡೇ ಇದೆ. 1949ರ ಪಾನನಿರೋಧ ಕಾಯಿದೆಯ ನಂತರ ಮುಂಬಯಿಯಲ್ಲಿ ಬಹಿರಂಗವಾಗಿ ಕುಡಿಯುವುದು ಅಪರಾಧವಾಯಿತು. 1960ರ ದಶಕದಲ್ಲಿ ನಿರ್ಬಂಧ ಸಡಿಲವಾದಾಗ, ಕುಡಿಯುವವನು ಪರವಾನಗಿ ಪಡೆದಿರಬೇಕು, ಕುಡಿಯುವ ಕೋಣೆ ಪ್ರತ್ಯೇಕವಾಗಿರಬೇಕು ಎಂಬ ನಿಯಮದಿಂದ 'ಪರ್ಮಿಟ್ ರೂಂ' ಎಂಬ ವಿಚಿತ್ರ ಹೆಸರು ಹುಟ್ಟಿತು. ಊಟದ ಹೋಟೆಲು ನಡೆಸಿ ಬಲ್ಲ ನಮ್ಮ ಜಿಲ್ಲೆಯ ಅನೇಕರು ಇದಕ್ಕೂ ಇಳಿದರು. ಇಂದು ಹೊಸ ಪಾನಗೃಹಗಳು ಆ ಹೆಸರನ್ನು ಹಳೆಯ ಕಾಲದ ಸೊಗಸೆಂದು ಗೋಡೆಯ ಮೇಲೆ ಬರೆಸಿಕೊಂಡರೆ ಹಳಬರಿಗೆ ನಗು ಬರುವುದು ಸಹಜ.

ರಾತ್ರಿ ಶಾಲೆಯ ದೀಪ

ಈ ಹೋಟೆಲುಗಳಲ್ಲಿ ದುಡಿದವರು ಯಾರು? ಊರಲ್ಲಿ ಐದನೆಯದೋ ಏಳನೆಯದೋ ಮುಗಿಸಿ, ಹಿಂದಿನ ಕಾಲದಲ್ಲಿ ಹಡಗಿನಲ್ಲೂ ಆಮೇಲೆ ಬಸ್ಸಿನಲ್ಲೂ ಮುಂಬಯಿಗೆ ಬಂದ ಹುಡುಗರು. ಇದನ್ನು ಬರಿಯ ಸಾಹಸಗಾಥೆಯಾಗಿ ಹೇಳಿ ಮುಗಿಸುವುದು ಸರಿಯಲ್ಲ. ಹನ್ನೆರಡು ಹದಿಮೂರರ ಮಕ್ಕಳು ಬೆಳಗಿನ ಜಾವದಿಂದ ಲೋಟ ತೊಳೆದು, ರಾತ್ರಿ ಅದೇ ಹೋಟೆಲಿನ ಮೇಜುಗಳನ್ನು ಕೂಡಿಸಿ ಮಲಗಿದ ಕಥೆಯಲ್ಲಿ ಕಣ್ಣೀರೂ ಇದೆ. ಊರಿಗೆ ಮನಿಯಾರ್ಡರು ಹೋಗುತ್ತಿತ್ತು, ನಿಜ. ಬಾಲ್ಯ ಮಾತ್ರ ಮರಳಿ ಬರಲಿಲ್ಲ.

ಆ ಹುಡುಗರಿಗೆ ಇದ್ದ ಒಂದೇ ಕಿಂಡಿ ಕನ್ನಡ ರಾತ್ರಿ ಶಾಲೆ. 1902ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ ಆ ಶತಮಾನದ ಮೊದಲ ದಶಕದಲ್ಲಿಯೇ ರಾತ್ರಿ ಶಾಲೆ ತೆರೆಯಿತು. ಅನಂತರ ಬೇರೆ ಬೇರೆ ಸಮಾಜದವರ, ಸಂಘಗಳವರ ಶಾಲೆಗಳು ಬಂದವು. ಫೋರ್ಟಿನಲ್ಲಿಯೂ ಅಂಥ ಶಾಲೆಗಳು ನಡೆದವು. ಸಂಜೆಯ ಗಿರಾಕಿ ಇಳಿದ ಮೇಲೆ ಒಡೆಯನ ಅಪ್ಪಣೆ ಪಡೆದು, ಕೈಯ ಎಣ್ಣೆ ಒರೆಸಿಕೊಂಡು ಓಡಿದ ಹುಡುಗರು ಅಲ್ಲಿ ಮೆಟ್ರಿಕ್ ಪಾಸಾದರು. ಅವರಲ್ಲಿ ಬ್ಯಾಂಕಿಗೆ ಸೇರಿದವರಿದ್ದಾರೆ, ವಕೀಲರಾದವರಿದ್ದಾರೆ, ಬರಹಗಾರರಾದವರಿದ್ದಾರೆ, ತಾವೇ ಹೋಟೆಲು ಕೊಂಡವರೂ ಇದ್ದಾರೆ. ಹಗಲು ದುಡಿದವರಿಗೆ ರಾತ್ರಿ ಪಾಠ ಹೇಳಿದ ಗುರುಗಳಲ್ಲಿ ಅನೇಕರು ತಾವೂ ಹಗಲೆಲ್ಲ ಕಚೇರಿಗಳಲ್ಲಿ ದುಡಿದವರೇ.

ಈಗ 1847ರ ಟಂಕಸಾಲೆಯ ಹುಡುಗರನ್ನು ನೆನೆಯಿರಿ. ಅವರ ಓದಿನ ಆಸೆಗೆ ಸಸೂನರ ದಾನ ಸೇರಿ ಅದು ಕಲ್ಲಿನ ಕಟ್ಟಡವಾಯಿತು, ಇಂದು ಪಾರಂಪರಿಕ ಕಟ್ಟಡವೆಂದು ಕಾನೂನಿನ ರಕ್ಷಣೆ ಪಡೆದಿದೆ. ಅದೇ ಪೇಟೆಯ ಸುತ್ತಿನಲ್ಲಿ, ಅದೇ ಆಸೆಯಿಂದ, ನೂರು ವರ್ಷಗಳ ನಂತರ ಓದಿದ ನಮ್ಮ ಹುಡುಗರ ಶಾಲೆಗಳು ಹೆಚ್ಚಾಗಿ ಪರರ ಕಟ್ಟಡಗಳಲ್ಲಿ ಕೆಲವು ಗಂಟೆಗಳ ಮಟ್ಟಿಗೆ ನಡೆದವು. ಊರಿನಲ್ಲಿ ಶಿಕ್ಷಣ ಹರಡಿ ಹುಡುಗರು ಬರುವುದು ಕಡಿಮೆಯಾದಾಗ ಒಂದೊಂದಾಗಿ ಮುಚ್ಚಿದವು. ಶಾಲೆ ಮುಚ್ಚಿದ ಕಾರಣ ಒಳ್ಳೆಯದೇ. ಆದರೆ ಕಟ್ಟಡವಿಲ್ಲದ ಸಂಸ್ಥೆಗೆ ಫಲಕ ಹಾಕುವ ಗೋಡೆಯೂ ಇರುವುದಿಲ್ಲ.

ಹೊಸ ಜೀವ

ಪೇಟೆಯ ಪುನರುಜ್ಜೀವನ ತಾನಾಗಿ ಆದದ್ದಲ್ಲ. 1995ರಲ್ಲಿ ಮುಂಬಯಿಯಲ್ಲಿ ಪಾರಂಪರಿಕ ಕಟ್ಟಡಗಳನ್ನು ಪಟ್ಟಿ ಮಾಡಿ ಕಾಯುವ ನಿಯಮಗಳು ಜಾರಿಗೆ ಬಂದವು. ದೇಶದಲ್ಲಿ ಇಂಥ ನಗರ ನಿಯಮಗಳಿಗೆ ಇದೇ ಮೇಲ್ಪಂಕ್ತಿ. ಅಲ್ಲಿಂದ ಮುಂದೆ ಪಟ್ಟಿಯಲ್ಲಿರುವ ಕಟ್ಟಡವನ್ನು ಅನುಮತಿಯಿಲ್ಲದೆ ಕೆಡವುವಂತಿಲ್ಲ. 1998ರಲ್ಲಿ ಕಾಲಾಘೋಡಾ ಸಂಘ ಸ್ಥಾಪನೆಯಾಯಿತು, 1999ರಿಂದ ಕಲೋತ್ಸವ. ಉತ್ಸವದಿಂದ ಬಂದ ಹಣವನ್ನು ಪೇಟೆಯ ದುರಸ್ತಿಗೆ ಬಳಸುವುದು ಸಂಘದ ಯೋಜನೆ. ಯೆಹೂದಿ ಮಂದಿರ ಜೀರ್ಣೋದ್ಧಾರಗೊಂಡು 2019ರಲ್ಲಿಯೂ, ಸಸೂನ್ ಗ್ರಂಥಾಲಯ 2023ರಲ್ಲಿಯೂ ಹೊಸ ಕಳೆಯಿಂದ ತೆರೆದವು. ನಡುವೆ 2018ರಲ್ಲಿ ಓವಲ್ ಮೈದಾನದ ಸುತ್ತಿನ ಗಾಥಿಕ್ ಮತ್ತು ಆರ್ಟ್ ಡೆಕೊ ಕಟ್ಟಡಗಳ ಸಮೂಹಕ್ಕೆ ಯುನೆಸ್ಕೋದ ವಿಶ್ವ ಪರಂಪರೆಯ ಮನ್ನಣೆ ದೊರೆಯಿತು.

ಇದೇ ಅವಧಿಯಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆಯಿತು. ಕಚೇರಿಗಳು ಮೊದಲು ನಾರಿಮನ್ ಪಾಯಿಂಟಿಗೂ ಆಮೇಲೆ ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೂ ಹೊರಟವು. 1999ರ ಹೊಸ ಬಾಡಿಗೆ ಕಾಯಿದೆ ಬ್ಯಾಂಕುಗಳಿಂದಲೂ ದೊಡ್ಡ ಕಂಪನಿಗಳಿಂದಲೂ ಹಳೆಯ ರಕ್ಷಣೆಯನ್ನು ಹಿಂತೆಗೆದುಕೊಂಡಿತು. ಗುಮಾಸ್ತ ಹೋದರೆ ಅವನ ಊಟದ ಗಂಟೆಯೂ ಹೋಯಿತು. ಖಾಲಿಯಾದ ಎತ್ತರದ ಚಾವಣಿಯ ಕೋಣೆಗಳಿಗೆ ಕಾಫಿ ಕೋಣೆ, ಬಟ್ಟೆಯಂಗಡಿ, ಚಿತ್ರಶಾಲೆಗಳು ಬಂದವು. ಮಧ್ಯಾಹ್ನದ ಪೇಟೆ ಸಂಜೆಯ ಪೇಟೆಯಾಯಿತು.

ಈ ಏರಾಟದಲ್ಲಿ ಬಿದ್ದವೂ ಇವೆ. ಮರಾಠಿ-ಇಂಗ್ಲಿಷ್ ಕವಿ ಅರುಣ್ ಕೊಲಟಕರ್ ಕುಳಿತು ಬೀದಿಯನ್ನು ನೋಡುತ್ತಿದ್ದ ವೇಸೈಡ್ ಇನ್ ಈ ಶತಮಾನದ ಆರಂಭದಲ್ಲಿ ಮುಚ್ಚಿತು. ಆ ಕಿಟಕಿಯಿಂದ ಕಂಡ ಲೋಕ 2004ರಲ್ಲಿ ಅವರ ಕಾಲಾಘೋಡಾ ಕವಿತೆಗಳ ಪುಸ್ತಕವಾಯಿತು. ಜಹಾಂಗೀರ್ ಕಲಾಶಾಲೆಯ ಓಣಿಯಂಥ ಜಾಗದಲ್ಲಿ 1964ರಿಂದ ಬಡ ಕಲಾವಿದರಿಗೂ ಚಹಾ ಒದಗಿಸಿದ ಸಮೋವರ್ 2015ರಲ್ಲಿ ನಿಂತಿತು. ಗ್ರಾಮಫೋನು ತಟ್ಟೆಗಳ ರಿದಮ್ ಹೌಸ್ 2016ರಲ್ಲಿ ಬಾಗಿಲೆಳೆಯಿತು.

ನಮ್ಮವರಲ್ಲಿ ಉಳಿದವರು ರೂಪ ಬದಲಿಸಿ ಉಳಿದರು. ಕವಾಸ್ಜಿ ಪಟೇಲ್ ಬೀದಿಯ ಮಹೇಶ್ ಲಂಚ್ ಹೋಂ, ಹಗ್ಗದ ಓಣಿಯ ತೃಷ್ಣಾ ಮುಂತಾದೆಡೆಗಳಲ್ಲಿ ಕಡಲೂರಿನ ಅಡಿಗೆ ಇಂದು ದೇಶವಿದೇಶದ ಅತಿಥಿಗಳನ್ನು ಕರೆಯುತ್ತದೆ. ಈ ತೃಷ್ಣಾದ ಸ್ಫೂರ್ತಿಯಿಂದ ಅದೇ ಹೆಸರಿನಲ್ಲಿ ಲಂಡನ್ನಿನಲ್ಲಿ ತೆರೆದ ಭೋಜನಶಾಲೆಗೆ 2012ರಲ್ಲಿ ಮಿಶೆಲಿನ್ ತಾರೆಯೂ ಬಂದಿತು. ಹಿಂದೊಮ್ಮೆ ಗುಮಾಸ್ತರ ಮಧ್ಯಾಹ್ನದ ಊಟವಾಗಿದ್ದ ಗಸಿ, ನೀರುದೋಸೆಗಳನ್ನು ಇಂದು ಅದೇ ಗುಮಾಸ್ತನ ಮಗ ಸಂಬಳದ ದಿನ ನೋಡಿಕೊಂಡು ಕುಟುಂಬದೊಡನೆ ಹೋಗಿ ತಿನ್ನುವಂತಾಗಿದೆ. ಇದನ್ನು ದೂರೆಂದು ಹೇಳುತ್ತಿಲ್ಲ. ಹಣ ಬಾರದೆ ಕಲ್ಲಿನ ಕಟ್ಟಡ ನಿಲ್ಲದು ಎಂಬುದನ್ನು ವಾಟ್ಸನ್ ಹೋಟೆಲಿನ ಪಾಡೇ ಸಾರುತ್ತದೆ. ಆದರೆ ಹಣ ಬಂದಾಗ ಯಾವ ನೆನಪು ಉಳಿಯಬೇಕು ಎಂಬುದನ್ನೂ ಹಣವೇ ತೀರ್ಮಾನಿಸಿಬಿಡುವ ಅಪಾಯವಿದೆ.

ನಮ್ಮ ಕೆಲಸ

ಕಾಲಾಘೋಡಾದ ಚರಿತ್ರೆಯ ನಡಿಗೆಗೆಂದು ಹೋದರೆ ಸಸೂನರ, ವಾಟ್ಸನ್ನರ, ರಾಜಕುಮಾರನ ಕಥೆ ಕೇಳಸಿಗುತ್ತದೆ. ಅದೂ ಬೇಕಾದದ್ದೇ. ಆದರೆ ಆ ಪೇಟೆ ಐವತ್ತು ಅರವತ್ತು ವರ್ಷ ಜೀವ ಹಿಡಿದುಕೊಂಡಿದ್ದುದು ದಿನದ ಊಟದಿಂದ. ಆ ಊಟವನ್ನು ಬಡಿಸಿದವರಲ್ಲಿ ನಮ್ಮವರಿದ್ದರು. ದೀಪದ ಬುಡದಲ್ಲಿ ಕತ್ತಲೆ ಎಂಬಂತೆ, ಮುಂಬಯಿ ಕನ್ನಡಿಗರ ಚರಿತ್ರೆ ಎಂದಾಗ ನಾವು ಸಭೆ, ಸಮ್ಮೇಳನ, ನಾಟಕ, ಯಕ್ಷಗಾನಗಳನ್ನು ದಾಖಲಿಸುತ್ತೇವೆ. ಲೋಟ ತೊಳೆದು ಮೆಟ್ರಿಕ್ ಮುಗಿಸಿದವರ ಲೆಕ್ಕವನ್ನು ಬರೆಯಲು ಮರೆಯುತ್ತೇವೆ. ಆ ತಲೆಮಾರಿನವರಿಗೆ ಈಗ ಎಂಬತ್ತು ದಾಟುತ್ತಿದೆ. ತಡ ಮಾಡಿದರೆ ಕೇಳಲು ಯಾರೂ ಉಳಿಯುವುದಿಲ್ಲ.

ಮಾಡಬೇಕಾದದ್ದು ಕಷ್ಟದ ಕೆಲಸವಲ್ಲ. ಪ್ರತಿಯೊಂದು ಮನೆಯಲ್ಲಿ ಒಂದು ಹಳೆಯ ತಗಡಿನ ಪೆಟ್ಟಿಗೆ ಇರುತ್ತದೆ. ಅದರಲ್ಲಿ ಊಟದ ಕೂಪನು, ರಾತ್ರಿ ಶಾಲೆಯ ಅಂಕಪಟ್ಟಿ, ಹೋಟೆಲಿನ ಲೈಸೆನ್ಸು, ಮನಿಯಾರ್ಡರು ರಸೀದಿ, ಶಾಲೆಯ ವಾರ್ಷಿಕೋತ್ಸವದ ಒಂದು ಗುಂಪು ಭಾವಚಿತ್ರ ಇರಬಹುದು. ಅವನ್ನು ಹೊರತೆಗೆದು, ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಭಾವಚಿತ್ರದಲ್ಲಿರುವವರ ಹೆಸರು, ಹೋಟೆಲಿನ ಹೆಸರು, ಬೀದಿ, ಇಸವಿ - ಇಷ್ಟನ್ನು ಹಿಂಬದಿಯಲ್ಲಿ ಬರೆದಿಡಬೇಕು. ನಮ್ಮ ಸಂಘ ಅವುಗಳ ನಕಲು ಮಾಡಿಸಿ ಒಂದೆಡೆ ಜೋಡಿಸಿದರೆ ಅದೇ ಒಂದು ದಫ್ತರವಾಗುತ್ತದೆ. ಮಹಾರಾಷ್ಟ್ರ ಸರಕಾರದ ದಾಖಲೆಗಳ ಭಂಡಾರವಿರುವುದು ಇದೇ ಕಾಲಾಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ. ಸರಕಾರದ ಕಾಗದವನ್ನು ಸರಕಾರ ಕಾಯುತ್ತದೆ. ನಮ್ಮ ಕಾಗದವನ್ನು ನಾವೇ ಕಾಯಬೇಕು.

ಮುಂದಿನ ಸಲ ಮಕ್ಕಳೊಂದಿಗೆ ಅತ್ತ ಹೋದಾಗ ಸವಾರನಿಲ್ಲದ ಕುದುರೆಯ ಮುಂದೆ ಚಿತ್ರ ತೆಗೆಸಿಕೊಳ್ಳಿ, ಗ್ರಂಥಾಲಯದ ಮೆಟ್ಟಿಲು ಹತ್ತಿ, ಮನಸ್ಸಿದ್ದರೆ ಹೊಸ ಕಾಫಿಯನ್ನೂ ಕುಡಿಯಿರಿ. ಆಮೇಲೆ ಹಿಂಬದಿಯ ಓಣಿಗಳಲ್ಲಿ ಉಳಿದಿರುವ ಯಾವುದಾದರೊಂದು ಹಳೆಯ ಹೋಟೆಲಿಗೆ ಹೋಗಿ, ಗಲ್ಲಾದಲ್ಲಿ ಕುಳಿತ ಹಿರಿಯರನ್ನು ಕನ್ನಡದಲ್ಲೋ ತುಳುವಿನಲ್ಲೋ ಮಾತನಾಡಿಸಿ. ಯಾವ ಊರು, ಯಾವ ವರ್ಷ ಬಂದಿರಿ, ಯಾವ ರಾತ್ರಿ ಶಾಲೆ ಎಂದು ಮೂರೇ ಪ್ರಶ್ನೆ ಕೇಳಿ, ಉತ್ತರವನ್ನು ಬರೆದುಕೊಂಡು ನಮ್ಮ ಸಂಪಾದಕರಿಗೆ ಕಳುಹಿಸಿ.